ಟಾಟಾದವರಿಗೆ ಎಲೆಕ್ಟ್ರಾನಿಕ್ಸ್ ಹೊಸದೇನಲ್ಲ

ಕೋಲಾರದ ನರಸಾಪುರದಲ್ಲಿ ಟಾಟಾದವರು ಐಫೋನ್ ಜೋಡಿಸುತ್ತಿದ್ದಾರೆ, ಗುಜರಾತಿನ ಧೋಲೇರಾದಲ್ಲಿ ಚಿಪ್ ಕಾರ್ಖಾನೆಗೆ ಕೈ ಹಾಕಿದ್ದಾರೆ. "ಉಕ್ಕು, ಲಾರಿ, ಉಪ್ಪು ಮಾಡೋರಿಗೆ ಇದು ಹೊಸ ಸಾಹಸ" ಅಂತ ನಮ್ಮ ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಹಾಕಿದ್ದರು. ಹೊಸದಲ್ಲ ಮಾರಾಯ್ರೆ. ಟಾಟಾದವರ ರೇಡಿಯೊ ಕಂಪನಿ ನೆಲ್ಕೊ ಅಂತ ಹೆಸರು ಕೇಳಿದ್ದೀರಾ?

ಪೂರ್ತಿ ಹೆಸರು ನ್ಯಾಷನಲ್ ರೇಡಿಯೊ ಅಂಡ್ ಎಲೆಕ್ಟ್ರಾನಿಕ್ಸ್ ಕಂಪನಿ. 1940ರಲ್ಲಿ ಶುರುವಾಗಿದ್ದು. ಆಗಿನ ರೇಡಿಯೊ ಅಂದರೆ ಏನು ಅಂತ ಈಗಿನವರಿಗೆ ಹೇಳಬೇಕು. ನಮ್ಮ ದೊಡ್ಡಪ್ಪನ ಮನೆಯಲ್ಲೂ ಯಾವುದೋ ಹಳೇ ವಾಲ್ವ್ ರೇಡಿಯೊ ಇತ್ತು. ಸ್ವಿಚ್ ತಿರುಗಿಸಿದ ತಕ್ಷಣ ಮಾತಾಡುತ್ತಿರಲಿಲ್ಲ. ಹಿಂದಿನ ರಟ್ಟಿನ ತೂತುಗಳಲ್ಲಿ ಕೆಂಪು ಬೆಳಕು ಕಾಣಿಸಿ, ಒಳಗಿನ ಗಾಜಿನ ಕೊಳವೆ, ಅಂದರೆ ವಾಲ್ವ್, ಬಿಸಿಯಾದ ಮೇಲೇ ಭದ್ರಾವತಿ ಆಕಾಶವಾಣಿ. ಆಷಾಢದ ಮಳೆ ಹಿಡಿದರೆ ಬರೀ ಕರಕರ. ಅದರ ಪಕ್ಕ ಒಂದು ಬಲ್ಬ್ ಉರಿಸಿ ಥಂಡಿ ಬಿಡಿಸುತ್ತಿದ್ದರು! ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಹಣ ಬೇರೆ ಕಟ್ಟಬೇಕಿತ್ತು.

1971ರಲ್ಲಿ ನಷ್ಟದಲ್ಲಿದ್ದ ನೆಲ್ಕೊವನ್ನು ರತನ್ ಟಾಟಾ ಅವರ ಕೈಗೆ ಕೊಟ್ಟರು. ಶೇ. 2ರಷ್ಟಿದ್ದ ಮಾರುಕಟ್ಟೆ ಪಾಲು ನಾಲ್ಕೈದು ವರ್ಷದಲ್ಲಿ ಶೇ. 20ಕ್ಕೆ ಏರಿತು. ಆಮೇಲೆ ತುರ್ತು ಪರಿಸ್ಥಿತಿ, ವ್ಯಾಪಾರ ಕುಸಿತ, 1977ರಲ್ಲಿ ಕಾರ್ಮಿಕರ ಮುಷ್ಕರ, ಲಾಕೌಟ್. ಈಗ ನೆಲ್ಕೊ ಉಪಗ್ರಹ ಸಂಪರ್ಕದ ಕೆಲಸ ಮಾಡುತ್ತಿದೆ. ರೇಡಿಯೊ, ಟಿವಿ ಕಥೆ ಮುಗಿಯಿತು.

ನನ್ನನ್ನು ಕಾಡುವುದು 1969. ಒಣಮೀನು, ನೂಡಲ್ಸ್ ಮಾರುತ್ತಾ 1938ರಲ್ಲಿ ಶುರುವಾಗಿ ಸಕ್ಕರೆ, ಬಟ್ಟೆಯಲ್ಲಿ ದುಡ್ಡು ಮಾಡಿದ ಕೊರಿಯಾದ ಸ್ಯಾಮ್‌ಸಂಗ್, ಎಲೆಕ್ಟ್ರಾನಿಕ್ಸ್ ಕಂಪನಿ ಕಟ್ಟಿದ್ದು ಆ ವರ್ಷ. ದೊಡ್ಡ ಮನೆತನಗಳು ಕಾರ್ಖಾನೆ ಬೆಳೆಸಬೇಕಾದರೆ ದೆಹಲಿಯ ಅಪ್ಪಣೆ ಕೇಳಬೇಕು ಅನ್ನೋ ಎಂಆರ್‌ಟಿಪಿ ಕಾಯ್ದೆ ನಮ್ಮಲ್ಲಿ ಬಂದಿದ್ದೂ ಅದೇ ವರ್ಷ. ಕೊರಿಯಾ ಸರ್ಕಾರ ಅಗ್ಗದ ಸಾಲ ಕೊಟ್ಟಿತು, ರಫ್ತು ಮಾಡು ಅಂತ ಬೆನ್ನು ಹತ್ತಿತು. ನಮ್ಮ ಸರ್ಕಾರ ಎಷ್ಟು ಮಾಡಬಾರದು ಅಂತ ಲೆಕ್ಕ ಹಾಕುತ್ತಾ ಕೂತಿತು.

ಹಾಗಂತ ಎಲ್ಲವನ್ನೂ ದೆಹಲಿಯ ತಲೆಗೆ ಕಟ್ಟಲು ನಾನು ತಯಾರಿಲ್ಲ. ಅಡಿಕೆ ತೋಟ ಹಾಕಿದವನು ಫಸಲು ಬರೋವರೆಗೆ ನಡುವೆ ಇಟ್ಟ ಬಾಳೆಯಲ್ಲಿ ಸಂಸಾರ ನಡೆಸುತ್ತಾನೆ. ಸ್ಯಾಮ್‌ಸಂಗ್ ಮಾಡಿದ್ದೂ ಅದೇ, ಸಕ್ಕರೆ, ಬಟ್ಟೆಯೇ ಅದರ ಬಾಳೆ. 1974ರಲ್ಲಿ ಏದುಸಿರು ಬಿಡುತ್ತಿದ್ದ ಚಿಪ್ ಕಂಪನಿ ಕೊಂಡು, ವರ್ಷಗಟ್ಟಲೆ ನಷ್ಟ ತಿಂದು, 1983ರಲ್ಲಿ 64ಕೆ ಮೆಮೊರಿ ಚಿಪ್ ತೆಗೆಯಿತು. ಟಾಟಾ ಗುಂಪಿಗೆ ಆಗ ಉಕ್ಕು, ಲಾರಿಯೇ ಸರ್ವಸ್ವ. ನೆಲ್ಕೊಗೆ ಅಷ್ಟು ತಾಳ್ಮೆ, ಅಷ್ಟು ದುಡ್ಡು ಯಾರೂ ಮೀಸಲಿಡಲಿಲ್ಲ ಅನ್ನೋದು ನನ್ನ ಅನಿಸಿಕೆ.

ಈಗ ಟಾಟಾದವರ ಬಾಳೆ ಜೋರಾಗಿದೆ. 1968ರಲ್ಲಿ ಹುಟ್ಟಿದ ಅವರ ಸಾಫ್ಟ್‌ವೇರ್ ಕಂಪನಿ ಟಿಸಿಎಸ್ ಕೊಡುವ ಡಿವಿಡೆಂಡ್ ಸಣ್ಣದಲ್ಲ. 2020ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಶುರುವಾಯಿತು, 2023ರಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಂಪನಿಯ ನರಸಾಪುರ ಘಟಕ ಕೈಗೆ ಬಂತು. ಧೋಲೇರಾಕ್ಕೆ 2024ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. 91,000 ಕೋಟಿ ರೂಪಾಯಿ ಯೋಜನೆ, ತಂತ್ರಜ್ಞಾನ ತೈವಾನಿನ ಚಿಪ್ ಕಂಪನಿ ಪಿಎಸ್‌ಎಂಸಿಯದು.

ಆದರೆ ಬಿಡಿಭಾಗ ತರಿಸಿ ಫೋನ್ ಜೋಡಿಸುವುದೇ ಬೇರೆ, ಚಿಪ್ ಮಾಡುವುದೇ ಬೇರೆ. ಮೊದಲನೆಯದರಲ್ಲಿ ಕೆಲಸ ಸಿಗುತ್ತದೆ, ನಮ್ಮ ಮಲೆನಾಡಿನ ಹುಡುಗಿಯರಿಗೂ ಸಿಕ್ಕರೆ ಸಂತೋಷವೇ. ಎರಡನೆಯದರಲ್ಲಿ ಹತ್ತು ವರ್ಷ ನಷ್ಟ ಬಂದರೂ ಕೈ ಬಿಡುವುದಿಲ್ಲ ಅನ್ನೋ ಹಟ ಬೇಕು. ಅದು ಇದೆಯೋ ಇಲ್ಲವೋ ಇನ್ನೂ ನೋಡಬೇಕಷ್ಟೆ. ಅಲ್ಲಿಯವರೆಗೆ ದಯವಿಟ್ಟು ಗುಂಪಿನಲ್ಲಿ ಷೇರು ಟಿಪ್ಸ್ ಹಾಕಬೇಡಿ.