ಹೂಜಿಗಿಡ ಮತ್ತು ಟಿಡಿಎಸ್ ಮೀಟರು

ಮೊನ್ನೆ ಬಂದ ನೆಂಟರೂ ಅದನ್ನೇ ಕೇಳಿದರು: "ಸೊಳ್ಳೆ ತಿನ್ನುತ್ತಾ?"

ಹೂಜಿಗಿಡ ಎಲೆತುದಿಯ ಹೂಜಿಗೆ ಬಿದ್ದ ಹುಳ ತಿನ್ನುತ್ತದೆ, ನಿಜ. ಆದರೆ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಚೀಲದ ಮುಸುಕು ಹಾಕಿಕೊಂಡು ಕೂತಿರುವ ನಮ್ಮದಕ್ಕೆ ಸದ್ಯ ಜೀವ ಉಳಿದರೆ ಸಾಕಾಗಿದೆ. ಐಸಿಯುನಲ್ಲಿ ಮಲಗಿದವರನ್ನು "ಹಪ್ಪಳ ಕರೀಲಾ?" ಅಂತ ಯಾರಾದರೂ ಕೇಳುತ್ತಾರೆಯೇ? "ಕಾಡಿನಲ್ಲಿ ಈ ಹೂಜಿಯ ನೀರಿನಲ್ಲೇ ಕೆಲವು ಜಾತಿಯ ಸೊಳ್ಳೆಮರಿಗಳು ಹಾಯಾಗಿ ಬೆಳೆಯುತ್ತವೆ" ಎಂದೆ. ನೆಂಟರು ಲೋಟ ಕೆಳಗಿಟ್ಟು ಒಳಗೆ ಹೋದರು.

ಗಿಡ ಬಂದದ್ದು ಕೊರಿಯರ್‌ನಲ್ಲಿ. ವೆಂಟ್ರಾಟಾ ಎಂಬ ಮಿಶ್ರತಳಿ, ಫಿಲಿಪ್ಪೀನ್ಸ್ ಮೂಲದ್ದು. (ನಮ್ಮ ದೇಶದ ಸ್ವಂತ ಹೂಜಿಗಿಡ ಮೇಘಾಲಯದಲ್ಲಿದೆ. ಖಾಸಿ ಜನ ಅದನ್ನು ರಕ್ಕಸ ಹೂ ಅನ್ನುತ್ತಾರೆ.) ಬಂದಾಗ ನಾಲ್ಕು ಹೂಜಿಗಳಿದ್ದವು. ವಾರದೊಳಗೆ ನಾಲ್ಕೂ ಒಣಗಿ ಸುರುಟಿದವು. ಹಳೆಯ ಹೂಜಿಗೆ ಅಳಬಾರದು, ಹೊಸ ಎಲೆಯ ತುದಿ ನೋಡುತ್ತಿರಬೇಕು ಅಂತಾರೆ ಬಲ್ಲವರು. ಅದಕ್ಕೇ, ಸುತ್ತಲಿನ ತೇವ ಆರದಂತೆ, ಚೀಲ. ಮೂರು ದಿನಕ್ಕೊಂದು ತೂತು ಮಾಡಿ, ಬೆಂಗಳೂರಿನ ಒಣಹವೆಯ ರುಚಿ ಹತ್ತಿಸಬೇಕು. ಬಿಸಿಲೂ ಅಷ್ಟೇ, ಮೊದಲಿಗೆ ಬೆಳಗಿನದು ಮಾತ್ರ. ಬೇರಿಗೆ ಗೊಬ್ಬರ ಕೂಡದು. "ಒಂದು ಹಿಡಿ ಸಗಣಿ ಗೊಬ್ಬರ ಹಾಕಿ ಸಾರ್, ಹೆಂಗೆ ಬರುತ್ತೆ ನೋಡಿ" ಎಂದ ನರ್ಸರಿಯವನ ಮುಂದೆ ಎಷ್ಟು ತಾಳ್ಮೆ ಖರ್ಚಾಯಿತೆಂದು ನನಗೇ ಗೊತ್ತು.

ಎಡವಟ್ಟಾದದ್ದು ನೀರಿನಲ್ಲಿ. ಲವಣ 50 ಪಿಪಿಎಂ (ಹತ್ತು ಲಕ್ಷ ಪಾಲಿಗೆ 50 ಪಾಲು) ಒಳಗಿದ್ದರೆ ಕ್ಷೇಮ ಎಂದು ಓದಿ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ತರಿಸಿದೆ. ಪೆನ್ನಿನಂಥದ್ದು, ಕಿಸೆಗೆ ಸಿಕ್ಕಿಸಿಕೊಳ್ಳಬಹುದು. ಅದೇ ತಪ್ಪಾಯಿತು. ನಮ್ಮ ಬೋರ್‌ವೆಲ್ 640. ಟ್ಯಾಂಕರ್ 710, ಚಾಲಕ ನನ್ನನ್ನು ಅನುಮಾನದಿಂದ ನೋಡಿದ. ಎಳನೀರಿಗೆ ಮೀಟರೇ ಕೈಚೆಲ್ಲಿತು. ತಿಳಿಸಾರಿಗೆ ಅದ್ದುವಷ್ಟರಲ್ಲಿ ಹೆಂಡತಿ ಸೌಟು ಎತ್ತಿದಳು. ಭಾವನ ಗೃಹಪ್ರವೇಶದಲ್ಲಿ, ಹದಿನೆಂಟು ಸಾವಿರದ ಹೊಸ ಫಿಲ್ಟರನ್ನು ಅವನು ಎಲ್ಲರಿಗೂ ತೋರಿಸುತ್ತಿದ್ದಾಗ, ಲೋಟಕ್ಕೆ ಮೀಟರ್ ಇಳಿಬಿಟ್ಟೆ. 390. ನಲ್ಲಿಯ ನೀರು? ಅದೂ 390. ಪುರೋಹಿತರೂ ಬಗ್ಗಿ ನೋಡಿದರು. ಊಟದೆಲೆ ಮುಂದೆ ಹೋಳಿಗೆ ಎಲ್ಲರಿಗೂ ಎರಡು ಸಲ ಬಂತು, ನನಗೆ ಒಂದೇ ಸಲ. ಆರು ವಾರವಾಯಿತು, ಭಾವ ಫೋನ್ ಎತ್ತುತ್ತಿಲ್ಲ. ಫಿಲ್ಟರ್ ಕಂಪನಿಯವನ ಫೋನಾದರೂ ಎತ್ತಿದನೋ ಇಲ್ಲವೋ!

ಮಳೆನೀರು 12. ಅಂದಿನಿಂದ ಮೋಡ ಕಂಡರೆ ಟೆರೇಸಿಗೆ ಹಂಡೆ, ಕೊಳಗ, ಇಡ್ಲಿ ಪಾತ್ರೆ ಹೊರುತ್ತೇನೆ. ಗಿಡಕ್ಕೆ ಮಳೆನೀರು, ನನ್ನ ಸ್ನಾನಕ್ಕೆ 710. ಮೂವತ್ತು ವರ್ಷದ ಹಿಂದೆ ಶಿವಮೊಗ್ಗದಿಂದ ಒಂದು ಟ್ರಂಕು ಹಿಡಿದು ಈ ಊರಿಗೆ ಇಳಿದಾಗ ನನಗೆ ಯಾರೂ ಚೀಲ ಮುಚ್ಚಲಿಲ್ಲ, ಮೂರು ದಿನಕ್ಕೊಂದು ತೂತು ಮಾಡಲಿಲ್ಲ. ಇದ್ದ ಕೂದಲೂ ಆ ನೀರಿಗೇ ಹೋಯಿತು.

ಒಗ್ಗಿಕೊಳ್ಳುವುದರ ಬಗ್ಗೆ ಏನೋ ಒಂದು ಒಳ್ಳೆಯ ಮಾತು ಹೇಳಬೇಕೆಂದೇ ಬರೆಯಲು ಕೂತೆ. ಅಷ್ಟರಲ್ಲಿ ಗುಡುಗಿತು. ಹಂಡೆ ಸಿಕ್ಕಿತು, ಕೊಳಗವೂ ಸಿಕ್ಕಿತು. ಇಡ್ಲಿ ಪಾತ್ರೆಯನ್ನು ಮಾತ್ರ ಯಾರೋ ಬಚ್ಚಿಟ್ಟಿದ್ದಾರೆ.