ಸಿಹಿ ತಪ್ಪಿದ ಆಂಡ್ರಾಯ್ಡ್

ನನ್ನ ನೆಕ್ಸಸ್ 7 ಟ್ಯಾಬಿನಲ್ಲಿ ನಿತ್ಯ ಓದುತ್ತಿದ್ದ ದಿನಪತ್ರಿಕೆಯ ಆ್ಯಪ್ ಒಂದು ಬೆಳಿಗ್ಗೆ, ತನ್ನ ಹೊಸ ಆವೃತ್ತಿ ಈ ಸಾಧನಕ್ಕೆ ಹೊಂದಿಕೆಯಾಗುವುದಿಲ್ಲವೆಂದೂ ಹಳೆಯ ಆವೃತ್ತಿ ಇನ್ನು ನಡೆಯುವುದಿಲ್ಲವೆಂದೂ ತಿಳಿಸಿ ಬಾಗಿಲು ಹಾಕಿಕೊಂಡಿತು. ಹಿಂದಿನ ರಾತ್ರಿಯವರೆಗೂ ಇಬ್ಬರಿಗೂ ಚೆನ್ನಾಗಿಯೇ ಹೊಂದಿಕೆಯಿತ್ತು. 2013ರಲ್ಲಿ ಗೂಗಲ್‌ಗಾಗಿ ಏಸುಸ್ ತಯಾರಿಸಿದ ಈ ಟ್ಯಾಬ್ ಒಂದೇ ಕೈಯಲ್ಲಿ ಹಿಡಿಯಲು ಬರುತ್ತದೆ. ಏಳು ಅಂಗುಲದ ಪರದೆಯಲ್ಲಿ 1920×1200 ಚುಕ್ಕೆಗಳಿರುವುದರಿಂದ ಕನ್ನಡದ ಒತ್ತಕ್ಷರಗಳು ಎಷ್ಟು ಸಣ್ಣದಾದರೂ ಒಂದಕ್ಕೊಂದು ಮೆತ್ತಿಕೊಳ್ಳುವುದಿಲ್ಲ. ಅದರ ಅಪರಾಧವೆಂದರೆ ಅಧಿಕೃತ ಆಂಡ್ರಾಯ್ಡ್ 6.0.1ರಲ್ಲಿ ನಿಂತುಹೋಗಿರುವುದು. ಪತ್ರಿಕೆಯ ಆ್ಯಪಿಗಿಂತ ಮೊದಲೇ ಕೆಲವು ಸಣ್ಣ ಜಾಲತಾಣಗಳೂ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂದು ಹೆದರಿಸತೊಡಗಿದ್ದವು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪುಕ್ಕಟೆಯಾಗಿ ನೀಡುವ, ತಾಣ ಅಸಲಿಯೆಂದು ಸಾರುವ ಪ್ರಮಾಣಪತ್ರವನ್ನು ಅಸಂಖ್ಯ ತಾಣಗಳು ಬಳಸುತ್ತವೆ, ಆದರೆ ಅವೆಲ್ಲಕ್ಕೂ ಆಧಾರವಾದ ಅದರ ಸ್ವಂತ ಮೂಲ ಪ್ರಮಾಣಪತ್ರವನ್ನು 7.1.1ಕ್ಕಿಂತ ಹಿಂದಿನ ಆಂಡ್ರಾಯ್ಡ್ ಗುರುತಿಸುವುದಿಲ್ಲ. ಹಿಂದಿನ ಆಂಡ್ರಾಯ್ಡುಗಳು ನಂಬಿದ್ದ ಇನ್ನೊಂದು ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿದಿದ್ದು, ಹಳೆಯದರಿಂದ ಹೊಸದಕ್ಕೆ ಸಹಿ ಹಾಕಿಸುವ ಅಡ್ಡಸಹಿಯ ಉಪಾಯದಿಂದ ಕೆಲಸವನ್ನು 2024ರವರೆಗೆ ಹೇಗೋ ನೂಕಲಾಗಿತ್ತು. ಕಣ್ಣಿಗೆ ಕಾಣುವ ಯಾವ ಭಾಗವೂ ಕೆಡದೆ ಒಂದು ವಸ್ತು ಮುದಿಯಾಗುವುದು ಹೀಗೆ. ಈ ವಿಷಯದಲ್ಲಿ ನನಗೆ ಹೇಳಬೇಕಾದ ಒಂದು ಗಂಭೀರವಾದ ಮಾತಿದೆ. ಕೇಬಲಿನ ವಿಚಾರವನ್ನು ಮುಗಿಸಿ ಅಲ್ಲಿಗೆ ಬರುತ್ತೇನೆ.

ಕೇಬಲಿನ ಪ್ರಸಂಗ ಹುಟ್ಟಿದ್ದು ಅಕ್ಕನ ಮಗನಿಂದ. ಅವನು ಐರೋಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ, ಭಾನುವಾರ ಊಟಕ್ಕೆ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಗೆ ಬರುತ್ತಾನೆ. “ಮಾಮಾ, ಇದು ಮುದುಕಾಗೇದರೀ. ಒಗದು ಹೊಸಾದು ತಗೋರಿ, ಈಗೇನ್ ತುಟ್ಟಿ ಇಲ್ಲ” ಎಂದ. ಈ ತಲೆಮಾರಿನವರಿಗೆ ಒಗೆಯುವುದೊಂದು ದುರಸ್ತಿಯ ವಿಧಾನ. ನಾನು ಮುಖ ಸಿಂಡರಿಸಿದ್ದನ್ನು ಕಂಡು, ಹಾಗಿದ್ದರೆ ಲೀನಿಯೇಜ್ ಎಂಬ ಬದಲಿ ಆಂಡ್ರಾಯ್ಡ್ ಹಾಕಿನೋಡೋಣವೆಂದು ಒಪ್ಪಿಕೊಂಡ. ಅದಕ್ಕೆ ಟ್ಯಾಬನ್ನು ಕಂಪ್ಯೂಟರಿಗೆ ಜೋಡಿಸಬೇಕು. ಮನೆಯಲ್ಲಿದ್ದ ಹಳೆಯ ಮಾದರಿಯ ಮೈಕ್ರೋ ಯುಎಸ್‌ಬಿ ಕೇಬಲುಗಳೆಲ್ಲ ಚಾರ್ಜ್ ಮಾಡುತ್ತಿದ್ದವೇ ಹೊರತು ಕಂಪ್ಯೂಟರಿಗೆ ಟ್ಯಾಬನ್ನು ತೋರಿಸುತ್ತಿರಲಿಲ್ಲ, ಏಕೆಂದರೆ ಹಲವು ಅಗ್ಗದ ಕೇಬಲುಗಳಲ್ಲಿ ಡೇಟಾ ಸಾಗಿಸುವ ಎರಡು ತಂತಿಗಳನ್ನು ಉಳಿತಾಯಕ್ಕಾಗಿ ಹಾಕಿಯೇ ಇರುವುದಿಲ್ಲ; ಹೊರಗಿನಿಂದ ನೋಡಿ ಇದನ್ನು ಕಂಡುಹಿಡಿಯುವ ದಾರಿಯಿಲ್ಲ, ಡಬ್ಬಿಯ ಮೇಲೆ ಬರೆಯುವ ಮರ್ಯಾದೆಯೂ ಎಷ್ಟೋ ತಯಾರಕರಿಗಿಲ್ಲ. ಹೀಗಾಗಿ ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು, ಲ್ಯಾಮಿಂಗ್ಟನ್ ರಸ್ತೆಗೆ ಹೋದೆ.

ಆ ರಸ್ತೆಯ ಅಧಿಕೃತ ಹೆಸರು ಡಾ. ದಾದಾಸಾಹೇಬ ಭಡಕಮಕರ ಮಾರ್ಗ. ಆದರೆ ಕಂಪ್ಯೂಟರಿನ ಬಿಡಿಭಾಗ ಬೇಕಾದವರು ಯಾರೂ ಆ ಹೆಸರಿನಿಂದ ಅಲ್ಲಿಗೆ ತಲುಪುವುದಿಲ್ಲ. ಹುಬ್ಬಳ್ಳಿಯವನಾದ ನನಗಂತೂ ಮುಂಬಯಿಗೆ ಬರುವ ಮೊದಲೇ ಲ್ಯಾಮಿಂಗ್ಟನ್ ಪರಿಚಿತ. ಅಲ್ಲಿಯೂ ಒಂದು ಲ್ಯಾಮಿಂಗ್ಟನ್ ರಸ್ತೆಯಿದೆ, ಲ್ಯಾಮಿಂಗ್ಟನ್ ಹೈಸ್ಕೂಲಿದೆ. ಹುಬ್ಬಳ್ಳಿ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಲ್ಯಾಮಿಂಗ್ಟನ್ ಸಾಹೇಬರು 1903ರಿಂದ 1907ರವರೆಗೆ ಆ ಪ್ರಾಂತ್ಯದ ಗವರ್ನರ್ ಆಗಿದ್ದರು. ಅದಕ್ಕೂ ಮೊದಲು, 1896ರಿಂದ 1901ರವರೆಗೆ, ಅವರು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಗವರ್ನರ್. ಅಲ್ಲಿ ಅವರ ಹೆಸರು ಉಳಿದುಕೊಂಡಿರುವುದು ಒಂದು ತಿನಿಸಿನಲ್ಲಿ: ಮೆತ್ತನೆಯ ಕೇಕನ್ನು ಚೌಕವಾಗಿ ಕತ್ತರಿಸಿ, ಚಾಕೊಲೇಟ್ ಪಾಕದಲ್ಲಿ ಅದ್ದಿ, ಒಣಕೊಬ್ಬರಿಯ ತುರಿಯಲ್ಲಿ ಹೊರಳಿಸಿದರೆ ಅದು ಲ್ಯಾಮಿಂಗ್ಟನ್. ಹೆಸರು ಸಾಹೇಬರದೋ ಅವರ ಹೆಂಡತಿಯದೋ ಎಂಬ ಬಗ್ಗೆ ಅಲ್ಲಿನವರಲ್ಲಿ ವಾದವಿದೆ. ಇಷ್ಟೇ ಆಗಿದ್ದರೆ ಬಿಡಬಹುದಿತ್ತು. 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲಿನಲ್ಲಿ ಉಧಮ್ ಸಿಂಗ್, ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಕಾಲದಲ್ಲಿ ಪಂಜಾಬನ್ನು ಆಳುತ್ತಿದ್ದ ಓಡ್ವಯರನನ್ನು ಗುಂಡಿಕ್ಕಿ ಕೊಂದಾಗ ಅದೇ ವೇದಿಕೆಯ ಬಳಿ ಗಾಯಗೊಂಡವರಲ್ಲಿ ಈ ಲ್ಯಾಮಿಂಗ್ಟನ್ನರೂ ಒಬ್ಬರು. ಒಬ್ಬ ಮನುಷ್ಯನ ಪಾಲಿಗೆ ಎರಡು ಊರುಗಳ ರಸ್ತೆ, ಒಂದು ಶಾಲೆ, ಒಂದು ಕೊಬ್ಬರಿ ಕೇಕು ಮತ್ತು ಉಧಮ್ ಸಿಂಗನ ಗುಂಡು ಬಂದದ್ದನ್ನು ಯೋಚಿಸುತ್ತ ನಾನು ಅಂಗಡಿಯೆದುರು ನಿಂತಿದ್ದಾಗ, ಒಳಗಿನ ಹುಡುಗ “ಅಂಕಲ್, ಮೈಕ್ರೋ ಅಬ್ ಕೌನ್ ಲೇತಾ ಹೈ” ಎನ್ನುತ್ತಲೇ ಮೇಲಿನ ಗೂಡಿನಿಂದ ಧೂಳು ಹಿಡಿದ ಕೇಬಲೊಂದನ್ನು ತೆಗೆದು, ತನ್ನ ಲ್ಯಾಪ್‌ಟಾಪಿಗೆ ಚುಚ್ಚಿ, ಡೇಟಾ ಹೋಗುತ್ತದೆಂದು ಕೇಳದೆಯೇ ತೋರಿಸಿಕೊಟ್ಟ.

ತಿರುಗಿ ಬರುವಾಗ ಗಾಡಿಯಲ್ಲಿ ತಲೆಗೆ ಹತ್ತಿದ್ದು ಮಾತ್ರ ಆ ಕೇಕು. 2009ರ ಕಪ್‌ಕೇಕಿನಿಂದ 2018ರ ಪೈವರೆಗೆ ಆಂಡ್ರಾಯ್ಡಿನ ಆವೃತ್ತಿಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಸಿಹಿತಿಂಡಿಗಳ ಹೆಸರಿಟ್ಟರು. 2014ರಲ್ಲಿ ‘ಎಲ್’ ಸರದಿ ಬಂದಾಗ ಲ್ಯಾಮಿಂಗ್ಟನ್ ಕಣ್ಣೆದುರಿಗಿದ್ದರೂ ಕಡ್ಡಿಗೆ ಅಂಟಿದ ಸಕ್ಕರೆಯ ಗಡ್ಡೆಯಾದ ಲಾಲಿಪಾಪನ್ನು ಆರಿಸಿದರು. ಅದು ಅವರ ರುಚಿ. ಆದರೆ ನಮ್ಮವರು ಏನು ಮಾಡುತ್ತಿದ್ದರು? ‘ಡಿ’ ಬಂದಾಗ ಧಾರವಾಡದ ಪೇಡೆಯಿತ್ತು, ಡೋನಟ್ ಹಾಕಿದರು. ಟ್ಯಾಬುಗಳಿಗೆಂದೇ 2011ರಲ್ಲಿ ಮಾಡಿದ ಆವೃತ್ತಿ ‘ಎಚ್’ ಅಕ್ಷರದ್ದು. ಹೋಳಿಗೆ ಎನ್ನಬಹುದಿತ್ತು, ಹನಿಕೋಂಬ್ ಎಂದರು. ‘ಕೆ’ಗೆ ಗೋಕಾಕದ ಕರದಂಟು, ಬೆಳಗಾವಿಯ ಕುಂದಾ ಎರಡೂ ಸಿದ್ಧವಿದ್ದವು. 2015ರ ‘ಎಮ್’ ಅಕ್ಷರಕ್ಕೆ ಮೈಸೂರು ಪಾಕನ್ನು ಬಿಟ್ಟು ಮಾರ್ಷ್‌ಮ್ಯಾಲೋವನ್ನು ಆರಿಸಿದ್ದನ್ನಂತೂ ನಾನು ಕ್ಷಮಿಸಲಾರೆ. ನನ್ನ ಟ್ಯಾಬ್ ಸಿಕ್ಕಿಹಾಕಿಕೊಂಡಿದ್ದ 6.0.1 ಆ ಮಾರ್ಷ್‌ಮ್ಯಾಲೋವೇ. 2016ರಲ್ಲಿ ‘ಎನ್’ ಅಕ್ಷರಕ್ಕೆ ಹೆಸರು ಸೂಚಿಸಿರೆಂದು ಕರೆ ಬಂದಾಗ ಮಲಯಾಳಿಗಳು ನೆಯ್ಯಪ್ಪಂ ಆಗಲೇಬೇಕೆಂದು ಒಟ್ಟಾಗಿ ಗದ್ದಲವೆಬ್ಬಿಸಿದರು. ಕೊನೆಗೆ ಆದದ್ದು ನೂಗಾ; ಆದರೂ ಅವರು ಕೇಳಿದರು. ನಾವು ಕೇಳಲಿಲ್ಲ. ಕೇಳಲು ಹೊರಟಿದ್ದರೂ ಏನಾಗುತ್ತಿತ್ತೆಂದು ಮುಂಬಯಿಯ ಕನ್ನಡಿಗರ ಸಭೆಗಳಲ್ಲಿ ಕುಳಿತು ಬಲ್ಲ ನನಗೆ ಗೊತ್ತು: ಎಲ್ಲಕ್ಕೂ ಮೈಸೂರೇ ಏಕೆಂದು ನಮ್ಮ ಕಡೆಯವರೊಬ್ಬರು ಎದ್ದು ನಿಲ್ಲುತ್ತಿದ್ದರು, ಕರಾವಳಿಯವರು ಗೋಳಿಬಜೆಯ ಹೆಸರೆತ್ತಿ ಅದು ಸಿಹಿಯಲ್ಲವೆಂಬ ಆಕ್ಷೇಪಕ್ಕೆ ಉತ್ತರಿಸುತ್ತಿದ್ದರು, ‘ಎಚ್’ನ ಹೋಳಿಗೆಯೋ ‘ಒ’ದ ಒಬ್ಬಟ್ಟೋ ಎಂಬುದು ಉಪಸಮಿತಿಗೆ ಹೋಗುತ್ತಿತ್ತು, ಅಷ್ಟರಲ್ಲಿ ಆಂಡ್ರಾಯ್ಡ್ 10 ಬಂದು, 2019ರಲ್ಲಿ ಸಿಹಿಯ ಹೆಸರಿಡುವುದನ್ನೇ ನಿಲ್ಲಿಸಿಬಿಡುತ್ತಿದ್ದರು. ಕಂಪನಿಯ ಒಳಗೆ ಮಾತ್ರ ಈಗಲೂ ಹೆಸರಿಡುತ್ತಾರಂತೆ. 11ನೆಯ ಆವೃತ್ತಿ ಅಲ್ಲಿ ರೆಡ್ ವೆಲ್ವೆಟ್ ಕೇಕ್. ನಮಗೆ ಬಡಿಸುವುದು ಬರಿಯ ಅಂಕಿ.

ಕೇಬಲು ಸಿಕ್ಕ ಮೇಲೆ ಉಳಿದ ಕೆಲಸ ದೊಡ್ಡದಲ್ಲ, ಉದ್ದದ್ದು. ಈ ಬದಲಿ ಆಂಡ್ರಾಯ್ಡುಗಳನ್ನು ಕಟ್ಟುವವರು ಬಹುಮಟ್ಟಿಗೆ ಸಂಬಳವಿಲ್ಲದ ಸ್ವಯಂಸೇವಕರು. ಮೊದಲಿದ್ದ ಸಯನೋಜನ್‌ಮಾಡ್ 2016ರ ಡಿಸೆಂಬರಿನಲ್ಲಿ ಮುಚ್ಚಿದಾಗ ಅದೇ ಗುಂಪಿನವರು ಲೀನಿಯೇಜ್ ಹೆಸರಿನಲ್ಲಿ ಮುಂದುವರಿಸಿದರು. ಇಂಥವರ ಸೂಚನೆಗಳ ಆರಂಭದಲ್ಲಿ ಹೊಣೆ ಕಳಚಿಕೊಳ್ಳುವ ಒಂದು ರೂಢಿಯ ಮಾತಿರುತ್ತದೆ: ನಿಮ್ಮ ಮೆಮೊರಿ ಕಾರ್ಡ್ ಸತ್ತರೆ, ಅಣುಯುದ್ಧವಾದರೆ, ಅಲಾರಂ ಹೊಡೆಯದೆ ನೀವು ಕೆಲಸ ಕಳೆದುಕೊಂಡರೆ ನಾವು ಜವಾಬ್ದಾರರಲ್ಲ. ಅಣುಯುದ್ಧವನ್ನು ಯಾರಾದರೂ ಸಂಭಾಳಿಸಬಹುದು. ಅಲಾರಂ ಹೊಡೆಯದೆ ಬೆಳಗಿನ ಫಾಸ್ಟ್ ಲೋಕಲ್ ತಪ್ಪಿದ ಡೊಂಬಿವಲಿಯವನನ್ನು ಸಂಭಾಳಿಸುವುದು ಕಷ್ಟ.

ಪವರ್ ಗುಂಡಿಯನ್ನೂ ವಾಲ್ಯೂಮ್ ತಗ್ಗಿಸುವ ಗುಂಡಿಯನ್ನೂ ಕೂಡಿಸಿ ಒತ್ತಿದಾಗ ಹಸಿರು ಯಂತ್ರಮಾನವನೊಬ್ಬ ಅಂಗಾತ ಮಲಗಿ, ಎದೆಯ ಮುಚ್ಚಳ ತೆರೆದುಕೊಂಡು ಕಾಣಿಸಿದ. “ಎಲ್ಲಾ ಅಳಿಸಿ ಹೋಗ್ತದ, ಮಾಮಾ. ಏನರ ಇಟ್ಕೊಳ್ಳೂದು ಇದ್ರ ಈಗ ಹೇಳ್ರಿ” ಎಂದು ಅಳಿಯ ಕೇಳಿ, ನಾನು ಹೇಳುವ ಮೊದಲೇ ಟ್ಯಾಬನ್ನು ಎಬ್ಬಿಸುವ ತಂತ್ರಾಂಶವಾದ ಬೂಟ್‌ಲೋಡರಿನ ಬೀಗ ತೆಗೆದ. ಅಂದಿನಿಂದ ಟ್ಯಾಬ್ ಶುರುವಾದಾಗಲೆಲ್ಲ ಪರದೆಯ ಕೆಳಗಡೆ ತೆರೆದ ಬೀಗದ ಪುಟ್ಟ ಚಿತ್ರವೊಂದು ಮೂಡುತ್ತದೆ, ಮನೆಯವರೇ ಬಾಗಿಲು ಮುರಿದಿದ್ದಾರೆಂದು ಬಂದವರಿಗೆಲ್ಲ ತಿಳಿಸುವ ಹಾಗೆ. ಇನ್ನೊಂದು ತೊಡಕೆಂದರೆ 2013ರ ಲೆಕ್ಕದಲ್ಲಿ ಆಂಡ್ರಾಯ್ಡ್ ಕೂರುವ ಸಿಸ್ಟಮ್ ಭಾಗಕ್ಕೆ ಒಂದು ಜಿಬಿಗಿಂತಲೂ ಕಡಿಮೆ ಜಾಗ ಬಿಟ್ಟಿದ್ದರು. ಆಂಡ್ರಾಯ್ಡ್ 11 ಆಧಾರಿತ ಲೀನಿಯೇಜ್ 18.1 ಅದರಲ್ಲಿ ಹಿಡಿಸುವುದಿಲ್ಲ. ಡೊಂಬಿವಲಿಯ ಫ್ಲ್ಯಾಟುಗಳಲ್ಲಿ ಗ್ಯಾಲರಿಯನ್ನು ಒಳಗೆ ಸೇರಿಸಿಕೊಂಡು ಹಾಲನ್ನು ದೊಡ್ಡದು ಮಾಡುವಂತೆ, ನನ್ನ ಫೋಟೋ ಪುಸ್ತಕಗಳ ಜಾಗವನ್ನು ಒತ್ತರಿಸಿ ಸಿಸ್ಟಮಿಗೆ ಕೊಡಬೇಕಾಯಿತು. ಹೀಗೆ ಗೋಡೆ ಸರಿಸಿದ ಟ್ಯಾಬಿಗೆ ಲೀನಿಯೇಜ್‌ನವರು ‘ಫ್ಲೋ’ ಎಂಬ ಮೂಲ ಸಂಕೇತನಾಮದ ತುದಿಗೆ ಒಂದು ‘ಎಕ್ಸ್’ ಅಂಟಿಸುತ್ತಾರೆ. ಗೂಗಲ್ ಆ್ಯಪುಗಳ ಗಂಟುಗಳಲ್ಲಿ ಅತಿ ಚಿಕ್ಕದಾದ ‘ಪೀಕೋ’ವನ್ನೇ ಹಾಕಿದೆವು. ಆಮೇಲೆ ಬಿಲ್ಲಿನಂಥ ಗೆರೆಯ ಮೇಲೆ ಬಳೆಯೊಂದು ಜಾರುತ್ತ ಬಹಳ ಹೊತ್ತು ನಡೆಯಿತು. ಅಳಿಯ ಊಟ ಮುಗಿಸಿ ಮಜ್ಜಿಗೆಗೆ ಬಂದಾಗ ಟ್ಯಾಬ್ ಎದ್ದಿತು.

ಎದ್ದಿತು, ಆದರೆ ಚುರುಕಾಗಿ ಎದ್ದಿತೆಂದು ಹೇಳಲಾರೆ. ಎರಡು ಜಿಬಿ ರ್‍ಯಾಮಿನ ಮೇಲೆ 11 ಕುಳಿತಾಗ ಕೀಬೋರ್ಡು ಮೇಲೆ ಬರಲು ತುಸು ಯೋಚಿಸುತ್ತದೆ. ಪ್ರಮಾಣಪತ್ರದ ಬೆದರಿಕೆಗಳು ನಿಂತಿವೆ. ದಿನಪತ್ರಿಕೆಯ ಆ್ಯಪು ತಕರಾರಿಲ್ಲದೆ ಇಳಿಯಿತು, ಮತ್ತು ತೆರೆದ ಕೂಡಲೇ ನನ್ನ ಸ್ಥಳವನ್ನು ತಿಳಿಯಲು, ನನ್ನ ಫೋಟೋಗಳನ್ನು ನೋಡಲು, ನನಗೆ ಹಗಲೂ ರಾತ್ರಿ ಸೂಚನೆ ಕಳಿಸಲು ಅನುಮತಿ ಕೇಳಿತು. ಹಿಂದೆ ಪತ್ರಿಕೆ ಹಾಕುತ್ತಿದ್ದ ಹುಡುಗನಿಗೆ ಮನೆಯ ನಂಬರು ಗೊತ್ತಿತ್ತು, ಒಪ್ಪುತ್ತೇನೆ; ಅವನು ಕಪಾಟು ತೆರೆದು ಆಲ್ಬಮ್ ನೋಡಬೇಕೆಂದು ಕೇಳಿರಲಿಲ್ಲ. ಮೂರಕ್ಕೂ ಬೇಡವೆಂದು ಒತ್ತಿದೆ. ಏನೂ ಆಗದವರಂತೆ ಅದು ಹುಬ್ಬಳ್ಳಿ ಆವೃತ್ತಿಯನ್ನು ತೆರೆಯಿತು.