ವೆಲ್ಸ್‌ಬರೋಗೆ ಹೋದವರು ಡೈನರ್ ಒಳಗೂ ಕಾಲಿಡಿ

ಅಕ್ಟೋಬರ್ ಬಂತೆಂದರೆ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಕಡೆಯ ನಮ್ಮ ಕನ್ನಡದವರ ಫೇಸ್‌ಬುಕ್ ತುಂಬ ಕೆಂಪು, ಹಳದಿ ಎಲೆಗಳ ಫೋಟೊ. ಅದರಲ್ಲಿ ಪೈನ್ ಕ್ರೀಕ್ ಕಣಿವೆಯದು ಇದ್ದೇ ಇರುತ್ತದೆ. ಪೆನ್ಸಿಲ್ವೇನಿಯಾದ ಗ್ರ್ಯಾಂಡ್ ಕ್ಯಾನಿಯನ್ ಎಂದು ಕರೆಯುವುದು ಅದನ್ನೇ. ಸುಮಾರು 75 ಕಿಲೋಮೀಟರ್ ಉದ್ದದ ಆ ಕಣಿವೆಯನ್ನು ಲಿಯೊನಾರ್ಡ್ ಹ್ಯಾರಿಸನ್ ಪಾರ್ಕಿನ ಅಂಚಿನಲ್ಲಿ ನಿಂತು ನೋಡುತ್ತೇವೆ, ಫೋಟೊ ತೆಗೆಯುತ್ತೇವೆ, ಡಿಕ್ಕಿ ತೆಗೆದು ಪುಳಿಯೋಗರೆ ಡಬ್ಬಿ ಬಿಚ್ಚುತ್ತೇವೆ, ಕತ್ತಲಾಗುವುದರೊಳಗೆ ಗಾಡಿ ತಿರುಗಿಸುತ್ತೇವೆ. ಅಲ್ಲಿಂದ 16 ಕಿಲೋಮೀಟರ್ ದೂರದಲ್ಲಿ ವೆಲ್ಸ್‌ಬರೋ ಎಂಬ ಪುಟ್ಟ ಊರಿದೆ. ಆ ಊರಿನ ಮೇನ್ ಸ್ಟ್ರೀಟಿನಲ್ಲಿ 1938ರಲ್ಲಿ ತಯಾರಾದ ಒಂದು ಡೈನರ್, ಅಂದರೆ ಕೌಂಟರಿನಲ್ಲಿ ಕೂತು ತಿನ್ನುವ ಹಳೇ ಮಾದರಿಯ ಹೋಟೆಲು, ಇದೆ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡ ನಮ್ಮವರನ್ನು ನೋಡಿದ್ದೇನೆ. ಒಳಗೆ ಕೂತು ತಿಂದೆವು ಎಂದವರು ಬಹಳ ಕಡಿಮೆ. ಕೇಳಿದರೆ ಉತ್ತರ ಒಂದೇ: "ಅಲ್ಲಿ ನಮಗೇನು ಸಿಗತ್ತೆ? ಬರೀ ಮಾಂಸ."

ಬುತ್ತಿ ಕಟ್ಟಿಕೊಂಡು ಹೋಗುವುದಕ್ಕೆ ನನ್ನ ತಕರಾರಿಲ್ಲ, ನಾನೂ ಕಟ್ಟಿಕೊಂಡೇ ಹೋಗುವುದು. ಆದರೆ ವರ್ಷಗಟ್ಟಲೆ ಈ ದೇಶದಲ್ಲಿ ದುಡಿದು, ತೆರಿಗೆ ಕಟ್ಟಿ, ಮಕ್ಕಳನ್ನು ಇಲ್ಲೇ ಬೆಳೆಸಿ, ಇಲ್ಲಿನ ಊರವರು ಬೆಳಿಗ್ಗೆ ಎದ್ದು ಎಲ್ಲಿ ಕೂರುತ್ತಾರೆ, ಏನು ತಿನ್ನುತ್ತಾರೆ, ಏನು ಮಾತಾಡಿಕೊಳ್ಳುತ್ತಾರೆ ಎಂಬುದನ್ನು ಒಮ್ಮೆಯೂ ನೋಡದೆ ಇದ್ದರೆ ಅದು ದೊಡ್ಡ ನಷ್ಟ ಎಂದೇ ನನಗನ್ನಿಸುತ್ತದೆ. ನಮ್ಮ ಕಣ್ಣಿಗೆ ಬೀಳುವ ಅಮೆರಿಕ ಅಂದರೆ ಆಫೀಸು, ಮಾಲು, ಹೈವೇ ಪಕ್ಕದ ಒಂದೇ ಅಚ್ಚಿನ ಚೈನ್ ಹೋಟೆಲುಗಳು. ಊರಿನ ಅಮೆರಿಕ ಸಿಗುವುದು ಇಂಥ ಡೈನರುಗಳ ಕೌಂಟರಿನಲ್ಲಿ.

ಊರಿಂದ ಅಪ್ಪ ಬಂದಿದ್ದಾಗ ಅವರನ್ನು ಕರೆದುಕೊಂಡು ಹೋಗಿದ್ದೆ. ಅಪ್ಪ ಹಾಸನ ಡಿಪೋದಲ್ಲಿ ಕೆಎಸ್ಸಾರ್ಟಿಸಿ ಡ್ರೈವರ್ ಆಗಿದ್ದವರು. ದಾರಿ ಬದಿಯ ಹೋಟೆಲುಗಳ ಮಟ್ಟಿಗೆ ಅವರಿಗಿಂತ ತಿಳಿದವರನ್ನು ನಾನು ಕಂಡಿಲ್ಲ. ಹೊರಗೆ ನಿಂತು ಮೇಲಿಂದ ಕೆಳಗೆ ನೋಡಿದರು. ಪಿಂಗಾಣಿ ಲೇಪದ ಹಲಗೆಗಳು, ಬಾಗಿದ ಛಾವಣಿ, ಸಾಲಾಗಿ ಕಿಟಕಿ. "ಏನ್ ಮಗಾ ಇದು, ರೈಲು ಬೋಗಿ ತಂದು ಇಟ್ಟವ್ರಲ್ಲ!" ಅಂದರು.

ಹಾಗೆ ಕಾಣುತ್ತದೆ ನಿಜ, ಆದರೆ ಅದು ಬೋಗಿಯಲ್ಲ. ಕಾರ್ಖಾನೆಯಲ್ಲಿ ಹೋಟೆಲ್ಲೆಂದೇ ಕಟ್ಟಿ, ಸಾಗಿಸಿ ತಂದು, ತಳಪಾಯದ ಮೇಲೆ ಕೂರಿಸಿದ್ದು. ರಸ್ತೆಯಲ್ಲೋ ರೈಲಿನಲ್ಲೋ ಸಾಗಿಸಬೇಕಿದ್ದರಿಂದ ಅಗಲ ಹೆಚ್ಚಿಸುವಂತಿರಲಿಲ್ಲ. ಹಾಗಾಗಿ ಹಳೆಯ ಡೈನರುಗಳೆಲ್ಲ ಉದ್ದಕ್ಕೆ, ಕಿರಿದಾಗಿ ಇರುತ್ತವೆ. ಉದ್ದದ ಕೌಂಟರು, ಅದರ ಮುಂದೆ ನೆಲಕ್ಕೆ ಬಿಗಿದ ಸ್ಟೂಲುಗಳು, ಕಿಟಕಿ ಪಕ್ಕ ಮೇಜುಗಳು. ಪಕ್ಕದವರ ಭುಜ ತಾಗದೆ ಕೂರಲು ಆಗುವುದಿಲ್ಲ, ಹಾಗಾಗಿ ಮಾತಾಡದೆ ಇರಲೂ ಆಗುವುದಿಲ್ಲ.

ಇದರ ಮೂಲ ಇನ್ನೂ ಹಿಂದಕ್ಕೆ ಹೋಗುತ್ತದೆ. 1872ರಲ್ಲಿ ರೋಡ್ ಐಲ್ಯಾಂಡಿನ ಪ್ರಾವಿಡೆನ್ಸ್ ಊರಿನಲ್ಲಿ ವಾಲ್ಟರ್ ಸ್ಕಾಟ್ ಎಂಬಾತ ಕುದುರೆ ಗಾಡಿಯಲ್ಲಿ ಸ್ಯಾಂಡ್‌ವಿಚ್, ಬೇಯಿಸಿದ ಮೊಟ್ಟೆ, ಕಾಫಿ ಇಟ್ಟುಕೊಂಡು ರಾತ್ರಿ ಹೊತ್ತು ಪತ್ರಿಕಾ ಕಚೇರಿಯ ಎದುರು ನಿಲ್ಲಿಸುತ್ತಿದ್ದ. ಊರಿನ ಹೋಟೆಲುಗಳು ಬಾಗಿಲು ಹಾಕಿದ ಮೇಲೆ ರಾತ್ರಿ ಪಾಳಿಯವರಿಗೆ ತಿನ್ನಲು ಏನೂ ಸಿಗದಿದ್ದ ಕಾಲ ಅದು. ಮುಂದೆ ಗಾಡಿಯೊಳಗೇ ನಿಂತು ತಿನ್ನುವಂತಾಯಿತು, ಆಮೇಲೆ ಸ್ಟೂಲು ಬಂತು, ಗಾಡಿ ಚಕ್ರ ಬಿಚ್ಚಿಟ್ಟು ಒಂದು ಕಡೆ ನೆಲೆ ನಿಂತಿತು. ರಾತ್ರಿ ದುಡಿದು ಬಂದವನಿಗೆ ಬಿಸಿಯಾಗಿ, ಬೇಗ, ಅವನ ಜೇಬಿಗೆ ಎಟುಕುವ ದರದಲ್ಲಿ ಹೊಟ್ಟೆ ತುಂಬಿಸಬೇಕು ಎನ್ನುವುದರಿಂದ ಹುಟ್ಟಿದ್ದು ಡೈನರ್.

ವೆಲ್ಸ್‌ಬರೋದ ಡೈನರನ್ನು ಕಟ್ಟಿದ ಕಂಪನಿಯ ಕತೆ ನನಗೆ ಇನ್ನೂ ಇಷ್ಟ. ಮ್ಯಾಸಚೂಸೆಟ್ಸ್‌ನ ಮೆರಿಮ್ಯಾಕ್ ಊರಿನ ಜೆ.ಬಿ. ಜಡ್ಕಿನ್ಸ್ ಕಂಪನಿಯವರು ಮೊದಲು ಸಾರೋಟು ಮಾಡುತ್ತಿದ್ದವರು. ಮೋಟಾರು ಬಂದ ಮೇಲೆ ಲಿಂಕನ್, ಡ್ಯೂಸೆನ್‌ಬರ್ಗ್‌ನಂಥ ಕಾರುಗಳಿಗೆ, ಶ್ರೀಮಂತರು ಹೇಳಿದ ಹಾಗೆ, ಕೈಯಿಂದ ಬಾಡಿ ಕಟ್ಟಿಕೊಡುತ್ತಿದ್ದರು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಂಥ ಕಾರು ಕೊಳ್ಳುವವರೇ ಇಲ್ಲವಾದರು. ಆಗ ಅದೇ ಬಡಗಿಗಳು, ಅದೇ ತಗಡು ಕೆಲಸದವರು ಸ್ಟರ್ಲಿಂಗ್ ಎಂಬ ಹೆಸರಿನಲ್ಲಿ ಡೈನರ್ ಕಟ್ಟತೊಡಗಿದರು. ಎರಡನೇ ಮಹಾಯುದ್ಧದ ಕಾಲಕ್ಕೆ ಅದೂ ನಿಂತುಹೋಯಿತು. ಆರೇಳು ವರ್ಷದ ಕೆಲಸ ಅಷ್ಟೆ. ಶ್ರೀಮಂತರ ಕಾರಿಗೆ ದುಡಿದ ಕೈಗಳು ಲಾರಿ ಡ್ರೈವರುಗಳು, ಮರ ಕಡಿಯುವವರು, ಶಾಲೆ ಮೇಷ್ಟರುಗಳು ಕೂತು ತಿನ್ನುವ ಜಾಗವನ್ನು ಅಷ್ಟೇ ಅಚ್ಚುಕಟ್ಟಾಗಿ ಕಟ್ಟಿದವು. ಆ ಕೌಂಟರಿನ ಅಂಚನ್ನು ಸವರಿದಾಗ ಅದು ಗೊತ್ತಾಗುತ್ತದೆ. ಇದೇ ಸ್ಟರ್ಲಿಂಗ್ ಹೆಸರಿನ ಇನ್ನೊಂದು ಡೈನರ್, ರೋಡ್ ಐಲ್ಯಾಂಡಿನ ಪಾಟಕೆಟ್‌ನಲ್ಲಿರುವ ಮಾಡರ್ನ್ ಡೈನರ್, 1978ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಆ ಪಟ್ಟಿಗೆ ಸೇರಿದ ಮೊದಲ ಡೈನರ್ ಅದು.

ಈಗ ಊಟದ ಮಾತು. ಡೈನರಿನ ಹಳೇ ಕಾಲದ ಅಡುಗೆ ಅಂದರೆ ಕೊಚ್ಚಿದ ಮಾಂಸ ಬೇಯಿಸಿದ ಮೀಟ್‌ಲೋಫು, ಟರ್ಕಿ ಕೋಳಿ, ಹಿಸುಕಿದ ಆಲೂಗಡ್ಡೆ ಮೇಲೆ ಸುರಿದ ಗ್ರೇವಿ. ಮಾಂಸ ತಿನ್ನುವವರು ಅದನ್ನೇ ತಿನ್ನಬೇಕು, ಅದರಲ್ಲೇ ಆ ಅಡುಗೆಯ ಜೀವ ಇರುವುದು. ಮಾಂಸ ತಿನ್ನದ ನಮ್ಮಂಥವರಿಗೂ ಹೊಟ್ಟೆ ತುಂಬ ಸಿಗುತ್ತದೆ, ಕೇಳಲು ಸಂಕೋಚಪಡಬಾರದು ಅಷ್ಟೆ. ಗ್ರೇವಿ ಬೇಡ ಎನ್ನಿ, ಅದು ಮಾಂಸದ್ದೇ. ತರಕಾರಿ ಸೂಪಿನ ನೀರೂ ಬಹಳ ಕಡೆ ಮಾಂಸ ಬೇಯಿಸಿದ್ದು, ಕೇಳಿಕೊಳ್ಳಿ. ಆಲೂಗಡ್ಡೆ ಹುರಿಯುವ ಕಾವಲಿಯ ಮೇಲೆಯೇ ಹಂದಿ ಮಾಂಸದ ಬೇಕನ್ ಕೂಡ ಹುರಿಯುತ್ತಾರೆ. ಅದು ಆಗದವರು ಬೇರೆ ಬಾಣಲೆಯಲ್ಲಿ ಮಾಡಿಕೊಡುತ್ತೀರಾ ಎಂದು ಮೊದಲೇ ವಿಚಾರಿಸಬೇಕು. ಪೈ ಅಂದರೆ ಹಿಟ್ಟಿನ ಹೊದಿಕೆಯೊಳಗೆ ಹೂರಣ ತುಂಬಿ ಬೇಯಿಸಿದ ತಿಂಡಿ, ಅದರ ಹಿಟ್ಟಿಗೆ ಕೆಲವರು ಹಂದಿ ಕೊಬ್ಬು ಹಾಕುತ್ತಾರೆ, ಕೆಲವರು ಬೆಣ್ಣೆ. ಇದನ್ನೆಲ್ಲ ಕೇಳಿದರೆ ಮುಖ ಸಿಂಡರಿಸುತ್ತಾರೆ ಎಂದು ಹೆದರುವುದು ಬೇಡ. ನಮಗೆ ಬಡಿಸಿದ ಹೆಂಗಸು ಅಡುಗೆಮನೆಗೆ ಹೋಗಿ ವಿಚಾರಿಸಿಕೊಂಡು ಬಂದು, ಒಂದೊಂದನ್ನೂ ಬಿಡಿಸಿ ಹೇಳಿದಳು.

ಅಪ್ಪನಿಗೆ ಪ್ಯಾನ್‌ಕೇಕ್ ಹೇಳಿದೆ. ತಟ್ಟೆ ತುಂಬುವಷ್ಟು ದೊಡ್ಡದು, ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೆ ಬೆಣ್ಣೆ ಕರಗುತ್ತಿತ್ತು. ಆ ಸೀಮೆಯಲ್ಲಿ ಮೇಪಲ್ ಮರಗಳಿಂದ ರಸ ಇಳಿಸಿ ಸಿರಪ್ ಕಾಯಿಸುವ ರೈತರು ಇದ್ದಾರೆ. ಮರಕ್ಕೆ ತೂತು ಕೊರೆದು, ಹನಿಹನಿ ಹಿಡಿದು, ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಸಿರಪ್. ಇದನ್ನು ಹೇಳಿದ್ದಕ್ಕೆ ಅಪ್ಪ ಚಮಚದಲ್ಲಿ ಬರೀ ಸಿರಪ್ಪನ್ನೇ ನೆಕ್ಕಿ ನೋಡಿ, "ಆಲೆಮನೇಲಿ ಕುಂತಂಗಾಯ್ತು" ಅಂದರು. ಕಾಫಿ ಮಾತ್ರ ಅವರಿಗೆ ಹಿಡಿಸಲಿಲ್ಲ. ಡಿಕಾಕ್ಷನ್ ಕುಡಿದ ನಾಲಿಗೆಗೆ ಅದು ನೀರು. ಆದರೆ ಲೋಟ ಅರ್ಧ ಆಗುವ ಮೊದಲೇ ಮತ್ತೆ ತುಂಬಿಸುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ ಎಂದಾಗ ಅವರು ಬಹಳ ಹೊತ್ತು ಏನೋ ಯೋಚಿಸಿದರು. "ಇದು ಒಳ್ಳೇ ಹೋಟ್ಲು" ಅಂದರು ಆಮೇಲೆ.

ಪಕ್ಕದ ಸ್ಟೂಲಿನಲ್ಲಿದ್ದ ಹಿರಿಯರು ಅಪ್ಪನನ್ನು ಮಾತಿಗೆಳೆದರು. ಅವರೂ ಲಾರಿ ಓಡಿಸಿದವರು. ನಡುವೆ ನಾನು ದುಭಾಷಿ. ಘಾಟಿಯಲ್ಲಿ ಬ್ರೇಕು ಕಾಯುವುದು, ಮಂಜು ಮುಸುಕಿದಾಗ ರಸ್ತೆ ಕಾಣದಿರುವುದು, ಮನೆಯವರಿಂದ ದೂರ ಮಲಗಿದ ರಾತ್ರಿಗಳು. ಶಿರಾಡಿ ಘಾಟಿಯ ತಿರುವುಗಳನ್ನು ಅಪ್ಪ ಕೈಯಲ್ಲೇ ತೋರಿಸಿದರು. ಆತ ತಲೆದೂಗುತ್ತ ಪೆನ್ಸಿಲ್ವೇನಿಯಾದ ಹಿಮದ ರಸ್ತೆಗಳನ್ನು ಹೇಳಿದರು. ಹೈವೇ ಪಕ್ಕದ ಚೈನ್ ಹೋಟೆಲಿನ ಮೇಜುಗಳಲ್ಲಿ ಇಂಥ ಮಾತು ಹುಟ್ಟುವುದನ್ನು ನಾನು ಕಂಡಿಲ್ಲ. ಅಲ್ಲಿ ಕೂರುವ ರೀತಿಯೇ ಬೇರೆ, ಎದ್ದು ಹೋಗುವ ಅವಸರವೇ ಬೇರೆ.

ಇಂಥ ಜಾಗಗಳು ಯಾಕೆ ಕಡಿಮೆಯಾದವು ಎನ್ನುವುದಕ್ಕೆ ರಸ್ತೆಯೇ ದೊಡ್ಡ ಕಾರಣ. 1956ರ ಹೆದ್ದಾರಿ ಕಾಯ್ದೆಯ ನಂತರ ಇಂಟರ್‌ಸ್ಟೇಟ್ ರಸ್ತೆಗಳು ಊರುಗಳ ಹೊರಗಿನಿಂದಲೇ ಹೋದವು, ಪ್ರಯಾಣಿಕರು ಊರೊಳಗೆ ಬರುವುದು ನಿಂತಿತು, ಎಕ್ಸಿಟ್ಟಿನಲ್ಲಿ ಫಾಸ್ಟ್ ಫುಡ್ ಅಂಗಡಿಗಳು ಎದ್ದವು. ವೆಲ್ಸ್‌ಬರೋ ಇರುವುದು ಹಳೆಯ ರೂಟ್ 6ರ ಮೇಲೆ. ದೊಡ್ಡ ಹೆದ್ದಾರಿ ಐ-80 ಎಷ್ಟೋ ದಕ್ಷಿಣಕ್ಕೆ ಹಾದುಹೋಗುತ್ತದೆ. ಮೇನ್ ಸ್ಟ್ರೀಟಿನಲ್ಲಿ ಇವತ್ತಿಗೂ ಗ್ಯಾಸ್ ದೀಪಗಳು ಉರಿಯುತ್ತವೆ. ಆದರೂ ಹಳೆಯದು ಎಂಬ ಒಂದೇ ಕಾರಣಕ್ಕೆ ಡೈನರ್ ಉಳಿಯುವುದಿಲ್ಲ, ಫೋಟೊ ತೆಗೆಯುವವರಿಂದಲೂ ಉಳಿಯುವುದಿಲ್ಲ. ಜನವರಿಯ ಹಿಮದಲ್ಲೂ ಬೆಳಿಗ್ಗೆ ಆರಕ್ಕೆ ಬಂದು ಕೂರುವ ಊರಿನ ಗಿರಾಕಿಗಳಿಂದ ಉಳಿಯುತ್ತದೆ. ನಾವು ಅಕ್ಟೋಬರ್ ಗಿರಾಕಿಗಳು. ಕನಿಷ್ಠ ಅಕ್ಟೋಬರಿನಲ್ಲಾದರೂ ಗಿರಾಕಿಗಳಾಗೋಣ.

ಕೊನೆಗೆ ಒಂದು ವಿಷಯವನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಟಿಪ್ಸ್ ಬಗ್ಗೆ ನಮ್ಮವರಿಗೆ ಒಳ್ಳೆಯ ಹೆಸರಿಲ್ಲ, ಅದು ನನಗೆ ನೋವಿನ ವಿಷಯ. ಟಿಪ್ಸ್ ಪಡೆಯುವ ಕೆಲಸದವರಿಗೆ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿ ಪೆನ್ಸಿಲ್ವೇನಿಯಾದಲ್ಲಿ ಗಂಟೆಗೆ 2.83 ಡಾಲರ್. ಒಕ್ಕೂಟ ಸರ್ಕಾರದ ಲೆಕ್ಕದಲ್ಲಿ 1991ರಿಂದ ಅದು 2.13 ಡಾಲರಿನಲ್ಲೇ ನಿಂತಿದೆ. ಟಿಪ್ಸ್ ಸೇರಿಯೂ ಗಂಟೆಗೆ ಎಲ್ಲರ ಕನಿಷ್ಠ ಕೂಲಿಯಾದ 7.25 ಡಾಲರ್ ಆಗದಿದ್ದರೆ ಮಿಕ್ಕಿದ್ದನ್ನು ಮಾಲೀಕ ತುಂಬಿಕೊಡಬೇಕೆಂದು ಕಾನೂನಿದೆ. ಅಷ್ಟರಲ್ಲಿ ಬದುಕುವುದು ಹೇಗೆ? ಮೇಜಿನ ಮೇಲೆ ನಾವು ಬಿಡುವ ದುಡ್ಡೇ ಬಡಿಸುವಾಕೆಯ ಸಂಬಳ. ಎಂಟು ಜನ ಹೋಗಿ, ಒಂದೊಂದನ್ನೂ ಮಾಂಸವಿಲ್ಲದ ಹಾಗೆ ಬದಲಾಯಿಸಿಕೊಂಡು, ಎರಡು ಗಂಟೆ ಕಾಫಿ ತುಂಬಿಸಿಕೊಂಡು ಕೂತರೆ ಶೇಕಡಾ 20ಕ್ಕಿಂತ ಕಡಿಮೆ ಬಿಡಬೇಡಿ, ಸಾಧ್ಯವಾದರೆ ನಗದಾಗಿಯೇ ಬಿಡಿ. ಹೋಗುವುದಿದ್ದರೆ ಬೆಳಿಗ್ಗೆ ಬೇಗ ಹೋಗಿ, ಮೇಜಿಗೆ ಕಾಯದೆ ಕೌಂಟರಿನಲ್ಲೇ ಕೂರಿ, ಮಕ್ಕಳನ್ನೂ ಸ್ಟೂಲಿನ ಮೇಲೆ ಕೂರಿಸಿ, ಪೈ ತಿನ್ನದೆ ಎದ್ದು ಬರಬೇಡಿ.